ನನ್ನ ಮಗಳು ಓದಿದ ಪುಸ್ತಕ

...ಬೇಡ ಅಂದೆನಲ್ಲ ಅಫಿಯಾಂಗ್! ನೀರೂ ಬೇಡ, ಅಗಿಯೋಕೆ ಕೋಲಾ ಕಾಯಿಯೂ ಬೇಡ. ನಿನ್ನ ಮನೇಲಿ ಉಪಚಾರ ಮಾಡಿಸ್ಕೊಳ್ಳೋಕೆ ಬಂದಿಲ್ಲ ನಾನು. ನನ್ನ ಮಗಳು ಇಕ್ವೊ ಎಲ್ಲಿ?

ಮೊದಲು ಆ ಟೈಪ್ ಹೊಡೆಯೋದು ನಿಲ್ಲಿಸು! ...ಹಾಂ, ಹಾಗೆ.

ನಮ್ಮ ಹೆಂಗಸರಲ್ಲಿ ಮೊಟ್ಟಮೊದಲು ಕಾದಂಬರಿ ಬರೆದವಳಂತೆ! ಲಂಡನ್ನಿನಲ್ಲಿ ಅಚ್ಚಾಯಿತಂತೆ! ಚರ್ಚಲ್ಲಿ ಪಾದ್ರಿ ನಿನ್ನ ಹೆಸರು ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದೆ ಕಣೇ, ಅಂಗೈ ಉರಿಯೋ ಹಾಗೆ. ಚಿಕ್ಕಂದಿನಲ್ಲಿ ನನ್ನ ಜೊತೆ ನದೀಲಿ ಸೀಗಡಿ ಹಿಡೀತಿದ್ದವಳು ಅಂತ. ಆಮೇಲೆ ಅದೇ ಪಾದ್ರಿ ಪುಸ್ತಕ ಓದಿ ನಿನ್ನನ್ನ ಸ್ಕೂಲಿನ ಟೀಚರ್ ಕೆಲಸದಿಂದ ತೆಗೆಸಿದರು. ಸರಿಯಾಗೇ ಮಾಡಿದರು!

ಯಾಕೆ ನಗ್ತೀಯ? ನಗಬೇಡ!

ಏನು ಬರೆದಿದ್ದೀಯ ಅದರಲ್ಲಿ? ಗಂಡ ಹೊಡೆದ ಅಂತ ಹೆಂಡತಿ ದೋಣಿ ಹತ್ತಿ ಹೋಗಿಬಿಡ್ತಾಳೆ. ಅಳೋದೂ ಇಲ್ಲ! ಆಚೆ ದಡದಲ್ಲಿ ಮರಗೆಣಸಿನ ಹಿಟ್ಟು ಮಾರ್ಕೊಂಡು ಆರಾಮಾಗಿ ಬದುಕ್ತಾಳೆ. ಅಂಥವಳನ್ನ ಕೊನೇಲಿ ಸಾಯಿಸಬೇಕು ತಾನೇ? ಗಂಡಸರು ಬರೆದಿದ್ದರೆ ಸಾಯಿಸ್ತಿದ್ದರು.

ಹುಬ್ಬೇರಿಸ್ತೀಯ ಯಾಕೆ? ಓದು ಬಾರದವಳಿಗೆ ಇದೆಲ್ಲ ಹೇಗೆ ಗೊತ್ತು ಅಂತಲಾ? ಇಕ್ವೊನೇ ಓದಿ ಹೇಳಿದಳು. ಅಂಗಡೀಲಿ ನಾನು ಬಟ್ಟೆ ಮಡಿಸ್ತಾ ಕೂತಿದ್ದೆ. ಓದ್ತಾ ಓದ್ತಾ ಅವಳ ದನಿ... ಇರಲಿ ಬಿಡು.

ಈಗ ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಅಳಿಯ ನನ್ನ ಬಾಗಿಲಲ್ಲಿ ನಿಂತು ಕೂಗಾಡಿದ. ಬಂದರು ಕಚೇರಿಯ ಗುಮಾಸ್ತ, ಟೈ ಕಟ್ಟೋನು, ಬೀದಿಯೆಲ್ಲ ಕೇಳೋ ಹಾಗೆ! "ನಿಮ್ಮ ಗೆಳತಿಯ ಪುಸ್ತಕ ಅವಳ ತಲೆ ಕೆಡಿಸ್ತು" ಅಂದ. ಹೌದಪ್ಪಾ, ಪುಸ್ತಕದಿಂದಲೇ ಅಂದೆ. ಇಲ್ಲದಿದ್ದರೆ ಅವಳಿಗೇನು ಕಮ್ಮಿಯಾಗಿತ್ತು? ಸಿಮೆಂಟಿನ ಮನೆ, ರೇಡಿಯೋ...

ಯಾಕೆ ಹಾಗೆ ನೋಡ್ತೀಯ? ಅವನು ಹೊಡೀತಿದ್ದ ಅಂತ ನನಗೆ ಹೇಗೆ ಗೊತ್ತಾಗಬೇಕು? ಒಂದು ದಿನವಾದರೂ ಬಾಯಿ ಬಿಟ್ಟಳಾ? ಹೇಳಿದ್ದರೆ ಹೆತ್ತ ತಾಯಿ ಕೈಬಿಡ್ತಿದ್ದಳಾ? ನೇರ ನಿನ್ನ ಹತ್ತಿರ ಓಡಿ ಬಂದಳು!

ಮಾತಾಡೇ! ಪುಸ್ತಕದ ತುಂಬ ಮಾತು ಬರೀತೀಯ, ನನಗೆ ಒಂದೂ ಇಲ್ವಾ?

...ಅಫಿಯಾಂಗ್. ಅವಳು ನಿನಗೇನು ಹೇಳಿದಳು?

ಕಣ್ಣು ತಗ್ಗಿಸಬೇಡ. ಹೇಳಿದ್ದಾಳೆ. ಎಲ್ಲಾ ಹೇಳಿದ್ದಾಳೆ, ಅಲ್ವಾ?

ನಾನೇನು ಮಾಡಬೇಕಿತ್ತು? ಅವತ್ತು ಅವಳು ನನ್ನ ಮನೆಗೆ ಬಂದಾಗ ಬೀದಿಯವರು ಇನ್ನೂ ಎದ್ದಿರಲಿಲ್ಲ. ತುಟಿ ಒಡೆದಿತ್ತು, ಅಷ್ಟೇ. ಮತ್ತೆ... ಬಲಗೈ ಎತ್ತೋಕೆ ಆಗ್ತಿರಲಿಲ್ಲ. ಬಿಸಿನೀರಲ್ಲಿ ಒರೆಸಿದೆ. ಸಾರು ಕುಡಿಸಿದೆ. "ಅಮ್ಮಾ, ನಾಲ್ಕು ದಿನ ಇರ್ತೀನಿ" ಅಂದಳು. ಜನ ನೋಡಿದರೆ ಏನಂದಾರು? ಆಮೇಲೆ ನಾನೇ... ನಾನೇ ಅವಳನ್ನ ಕರ್ಕೊಂಡು ಹೋಗಿ ಅವನ ಬಾಗಿಲು ತಟ್ಟಿದೆ.

ಒಳಕೋಣೆಯ ಬಾಗಿಲು ಯಾಕೆ ಹಾಕಿದೆ? ...ಅವಳು ಅಲ್ಲೇ ಇದ್ದಾಳಾ? ಕೇಳಿಸ್ಕೊಳ್ತಿದ್ದಾಳಾ?

ಬೇಡ, ತೆಗೀಬೇಡ. ನಾನು ಒಳಗೆ ಬರೋದಿಲ್ಲ ಕಣೇ. ಕೈ ಈಗ ಎತ್ತೋಕೆ ಆಗುತ್ತಾ... ಅಷ್ಟು ಕೇಳಿ ಹೇಳು.