ಎದುರುಗಡೆಯವನಿಗೊಂದು ಎಡೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ನನ್ನ ತಲೆಗೆ ಪೇಟ ತೊಡಿಸಿ ಅದು ಕಿವಿಯ ಮೇಲೆ ಜಾರದಂತೆ ಸರಿಮಾಡಿದ ಉಪನ್ಯಾಸಕರಾದ ಶಿವರುದ್ರಸ್ವಾಮಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿರುವ ಮತ್ತು ಸಿಗದಿರುವ ಸಭಿಕರೇ, ಪ್ರೀತಿಯ ವಿದ್ಯಾರ್ಥಿಗಳೇ,

ನಾನು ಭಾಷಣಕಾರನಲ್ಲ ಎಂದು ಹೇಳಿ ಮುಕ್ಕಾಲು ಗಂಟೆ ಮಾತನಾಡುವವರನ್ನು ಬಹಳ ನೋಡಿದ್ದೇನೆ. ಆದ್ದರಿಂದ ಆ ಮಾತನ್ನು ನಾನು ಹೇಳುವುದಿಲ್ಲ. ನನ್ನ ಹೆಸರು ರಂಗಸ್ವಾಮಿ. ಊರು ಭೀಮನಬೀಡು. ಸೇನೆಯಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾಗಿ, ಈಗ ಇದೇ ಗುಂಡ್ಲುಪೇಟೆಯ ಬ್ಯಾಂಕೊಂದರಲ್ಲಿ ಕಾವಲು ಕೆಲಸ ಮಾಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರಿಗೆ ನಾನೇ ಬಾಗಿಲು ತೆಗೆದಿದ್ದೇನೆ. ಅಲ್ಲಿ ಗುರುತು ಹಿಡಿಯದವರು ಇಲ್ಲಿ ಎದ್ದು ಬಂದು ಕೈ ಕುಲುಕಿದರು. ಅದು ಪೇಟದ ಮಹಿಮೆ, ನನ್ನದಲ್ಲ.

ಪ್ರತಿ ವರ್ಷ ಜುಲೈ ತಿಂಗಳಲ್ಲಿ, ಕಾರ್ಗಿಲ್ ವಿಜಯದ ದಿನ, ಯಾರಾದರೂ ಕರೆದು ಶಾಲು ಹೊದಿಸುತ್ತಾರೆ. ಮನೆಯಲ್ಲಿ ಶಾಲುಗಳು ಒಂದು ಟ್ರಂಕು ತುಂಬಿವೆ. ಹೊದೆಯುವುದಕ್ಕೆ ಇರುವವನು ನಾನೊಬ್ಬನೇ. ಆದರೆ ಈ ವರ್ಷ ನೀವು ಹೊಸ ಕೆಲಸ ಮಾಡಿದಿರಿ. ಸನ್ಮಾನಕ್ಕೆ ಮೊದಲು ಮಕ್ಕಳಿಂದ ಚರ್ಚಾ ಸ್ಪರ್ಧೆ ಮಾಡಿಸಿದಿರಿ. ಯುದ್ಧ ಎಂದಾದರೂ ನ್ಯಾಯವಾಗಬಲ್ಲದೇ ಎಂಬುದು ವಿಷಯ. ಕುಮಾರಿ ಎಂಬ ಹುಡುಗಿ ಆಗಬಲ್ಲದು ಎಂದಳು. ಮನೆಗೆ ನುಗ್ಗಿದವನ ಮುಂದೆ ಕೈ ಕಟ್ಟಿ ನಿಲ್ಲುವುದು ಯಾವ ಧರ್ಮ ಎಂದು ಕೇಳಿದಳು. ಮಾನಸ ಎಂಬ ಹುಡುಗಿ ಎಂದಿಗೂ ಆಗಲಾರದು ಎಂದಳು. ಸತ್ತವನ ತಾಯಿಗೆ ನ್ಯಾಯದ ಮಾತು ಹೇಳಿ ನೋಡಿ ಎಂದಳು. ಇಬ್ಬರಿಗೂ ಜೋರು ಚಪ್ಪಾಳೆ ಬಿತ್ತು. ಆಮೇಲೆ ಪ್ರಾಂಶುಪಾಲರು, ತೀರ್ಪನ್ನು ಯುದ್ಧ ಕಂಡವರೇ ಹೇಳಲಿ ಎಂದು ಮೈಕನ್ನು ನನ್ನ ಕಡೆ ತಿರುಗಿಸಿಬಿಟ್ಟರು.

ಹೇಳುತ್ತೇನೆ. ನೇರವಾಗಿ ಹೇಳಲು ಬರುವುದಿಲ್ಲ, ಸ್ವಲ್ಪ ಸುತ್ತಿ ಹೇಳುತ್ತೇನೆ.

ನಮ್ಮ ತುಕಡಿಯಲ್ಲಿ ನಮ್ಮೂರಿನವನೇ ಒಬ್ಬನಿದ್ದ, ಶಿವರಾಮು. ನಮ್ಮ ಬೀದಿಯವನು. ಅಲ್ಲಿ ಎತ್ತರದಲ್ಲಿ ಬಂಡೆಗಳ ನಡುವೆ ಶತ್ರುಗಳ ಒಂದು ಮೆಷಿನ್ ಗನ್ ಇತ್ತು. ಅದು ಇರುವ ತನಕ ಕೆಳಗಿನ ದಾರಿಯಲ್ಲಿ ಯಾರೂ ತಲೆ ಎತ್ತುವಂತಿರಲಿಲ್ಲ. ಶಿವರಾಮು ಎತ್ತಿದ. ಮಾರನೆಯ ಬೆಳಿಗ್ಗೆ ನಾವು ಕೆಲವರು ಬಂಡೆಯ ಹಿಂಬದಿಯಿಂದ ಹತ್ತಿ ಆ ಗನ್ನಿನ ಹತ್ತಿರ ಹೋದೆವು. ಗನ್ನಿನ ಹಿಂದೆ ಇದ್ದವನನ್ನು ಕೊಂದವನು ನಾನು. ತೀರಾ ಹತ್ತಿರದಿಂದ. ಮಕ್ಕಳಿದ್ದಾರೆ, ಇದಕ್ಕಿಂತ ಹೆಚ್ಚು ಬೇಡ. ಪ್ರಾಣ ಹೋಗುವ ಮುಂಚೆ ಅವನು ನನ್ನನ್ನು ನೋಡಿ ಏನೋ ಹೇಳಿದ. ಹಿಂದಿಯಾಗಿದ್ದರೆ ನನಗೆ ತಿಳಿಯುತ್ತಿತ್ತು. ಅದು ಅವರ ಸೀಮೆಯ ಯಾವುದೋ ಮಾತು.

ನಾನು ಮಾಡಿದ್ದು ಸರಿಯೇ? ಸರಿ. ಅವನು ಅಲ್ಲೇ ಕೂತಿದ್ದರೆ ಕೆಳಗಿದ್ದ ಇನ್ನೆಷ್ಟು ಮನೆಯ ಹುಡುಗರು ಶಿವರಾಮುವಿನಂತೆ ಮಲಗುತ್ತಿದ್ದರು? ಈ ಮಂಡಿನೋವು ಇಲ್ಲದಿದ್ದರೆ ನಾಳೆಯೂ ಹತ್ತುತ್ತೇನೆ. ಕುಮಾರಿ, ಒಂದು ಅಂಕ ನಿನಗೆ. ಚಪ್ಪಾಳೆ ಇರಲಿ, ಮಾತು ಇನ್ನೂ ಮುಗಿದಿಲ್ಲ.

ಯುದ್ಧ ಮುಗಿದ ಮೇಲೆ ಊರಿನ ಅಂಗಡಿಯ ಫೋನಿಗೆ ಕರೆ ಮಾಡಿ ನನ್ನ ತಾಯಿ ದೊಡ್ಡಮಾದಮ್ಮನಿಗೆ ಎಲ್ಲವನ್ನೂ ಹೇಳಿದ್ದೆ. ಹೆಮ್ಮೆಯಿಂದಲೇ ಹೇಳಿದ್ದೆ. ಊರಿಗೆ ಬರುವುದು ಯಾವತ್ತು ಎಂದಷ್ಟೇ ಆಕೆ ಕೇಳಿದಳು. ಹೇಳಿ ಫೋನ್ ಇಟ್ಟೆ. ರಜೆ ಸಿಕ್ಕಿ ಊರಿಗೆ ಬಂದೆ. ಊರ ಬಾಗಿಲಲ್ಲಿ ಓಲಗ, ತಮಟೆ, ಬಾಳೆಕಂದು ಕಟ್ಟಿದ ಟ್ರ್ಯಾಕ್ಟರು. ಯಜಮಾನರಾದ ಚಿಕ್ಕಬಸವಯ್ಯನವರು ಚೆಂಡುಹೂವಿನ ಹಾರ ಹಿಡಿದು ಮುಂದೆ ನಿಂತಿದ್ದಾರೆ. ನಾನು ಕುತ್ತಿಗೆ ಬಗ್ಗಿಸಿದೆ. ಅಷ್ಟರಲ್ಲಿ ಅಮ್ಮ ಜನರ ನಡುವೆ ನುಗ್ಗಿ ಬಂದಳು.

“ಯಾರೂ ಮುಟ್ಬ್ಯಾಡಿ. ಅವ್ನ್ಗ ಸೂತಕ ಅದ” ಎಂದಳು.

ತಮಟೆ ನಿಂತಿತು. ಸೂತಕ ಎಂದರೆ ನಿಮಗೆಲ್ಲ ಗೊತ್ತೇ ಇದೆ. ಸಾವಾದ ಮನೆಯವರನ್ನು ಯಾರೂ ಮುಟ್ಟುವುದಿಲ್ಲ. ಹನ್ನೊಂದನೆಯ ದಿನ ತಲೆ ಬೋಳಿಸಿ, ಸತ್ತವನ ಹೆಸರಿನಲ್ಲಿ ಎಡೆ ಇಟ್ಟು, ಊರಿನವರು ಬಂದು ತಿಥಿಯ ಊಟ ಉಂಡು ಎದ್ದರೆ ಸೂತಕ ಕಳೆಯಿತು. ಅಲ್ಲಿಯ ತನಕ ಆ ಮನೆಯಲ್ಲಿ ಶುಭಕಾರ್ಯವಿಲ್ಲ.

ಚಿಕ್ಕಬಸವಯ್ಯನವರು ಗಾಬರಿಯಾಗಿ ಕೇಳಿದರು, “ಯಾರ್ ಸತ್ತೋದ್ರು ದೊಡ್ಡಮಾದಕ್ಕ?”

“ಇವ ಕೊಂದ್ನಲ್ಲ, ಆ ಮನ್ಸ ಸತ್ತೋದ್ನಲ್ಲಪ್ಪ.”

“ಅಯ್ಯೋ, ಅವ ಶತ್ರು ಕಣಕ್ಕ. ನಿನ್ ಮಗ ಸರಿಯಾದ್ ಕೆಲ್ಸಾನೇ ಮಾಡವ್ನ.”

“ಸರಿಯಾದ್ದೇ ಮಾಡವ್ನ, ಯಾರ್ ಇಲ್ಲ ಅಂದರು? ಇವ್ರಪ್ಪ ಸತ್ತಾಗ ಇವ ಯಾನ್ ತಪ್ಪ್ ಮಾಡಿದ್ದ? ಆದ್ರೂ ತಲ ಬೋಳುಸ್ಲಿಲ್ವ? ಸೂತಕ ಅನ್ನದು ತಪ್ಪ್ ಮಾಡ್ದೋರ್ಗ ಕೊಡ ಸಿಕ್ಸೆ ಅಲ್ಲ ಕಣಪ್ಪ. ಸಾವ್ಗ ಹತ್ರ ಇದ್ದೋರ್ಗ ಬರದು. ಆ ಮನ್ಸ ಸಾಯೋವಾಗ ಇವ್ನ್ಗಿಂತ ಹತ್ರ ಯಾರಿದ್ರು?”

ಹಾರ ನನ್ನ ಕುತ್ತಿಗೆಗೆ ಬೀಳಲಿಲ್ಲ. ಕೊನೆಗೆ ಅದನ್ನು ಟ್ರ್ಯಾಕ್ಟರಿನ ಮುಂದಿನ ದೀಪಕ್ಕೆ ಹಾಕಿದರು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಸ್ವಾಮಿ, ಬಂದ ಬಸ್ಸಿನಲ್ಲೇ ವಾಪಸು ಹೋಗೋಣ ಅನ್ನಿಸಿತ್ತು. ನನಗೆ ಹಾರ ಬೇಕಾಗಿತ್ತು. ಆ ಚಳಿಯಲ್ಲಿ, ಆ ಕಲ್ಲುಗಳ ನಡುವೆ, ಊರಿನವರು ಹಾರ ಹಾಕುತ್ತಾರೆ ಎಂದುಕೊಂಡೇ ದಿನ ನೂಕಿದ್ದೆ. ಅಮ್ಮನ ಜೊತೆ ಮಾತು ಬಿಟ್ಟೆ. ಆಕೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳಲ್ಲ. ದೂರದಲ್ಲಿದ್ದವನಿಗೆ ಮನೆಗೆ ಬಂದ ದಿನದಿಂದ ಸೂತಕದ ಲೆಕ್ಕ ಎಂದು ತಾನೇ ತೀರ್ಮಾನಿಸಿ, ಜಗಲಿಯ ಮೇಲೆ ನನಗೆ ಬೇರೆ ಚಾಪೆ ಹಾಕಿದಳು.

ಹನ್ನೊಂದನೆಯ ದಿನ ಬಂತು. ಎಡೆಗೆ ಸತ್ತವರು ಇಷ್ಟಪಡುತ್ತಿದ್ದ ಅಡುಗೆಯನ್ನೇ ಮಾಡಬೇಕಲ್ಲ. ಅಮ್ಮ ತಾನೇ ಮಾತು ಶುರುಮಾಡಿದಳು.

“ಅಂವ ಯಾನ್ ಉಣ್ತಿದ್ನಲಾ?”

“ನಂಗೇನ್ ಗೊತ್ತವ್ವ? ಊಟ ಕೇಳಕ್ಕ ಹೋಗಿದ್ನ ನಾನು?”

“ಚಳಿ ಸೀಮೆಯಂವ. ಗೋದಿ ರೊಟ್ಟಿ ತಿಂತಿರ್ತನ, ಬುಡು. ಅದ್ನೇ ಮಾಡನ.”

ರಾಗಿಮುದ್ದೆ ಬಿಟ್ಟು ಬೇರೇನೂ ತಟ್ಟಿದ ಕೈಯಲ್ಲ ಅದು. ಗುಂಡ್ಲುಪೇಟೆಯಿಂದ ಗೋಧಿಹಿಟ್ಟು ತರಿಸಿ ಚಪಾತಿ ಮಾಡಿದಳು. ಅವುಗಳ ಆಕಾರ ನೋಡಿದ್ದರೆ ಸತ್ತವನೂ ಎದ್ದು ನಗುತ್ತಿದ್ದ. ಮರಿ ಕಡಿಸಿ ಸಾರು ಮಾಡಿದಳು. ನಾನು ತಲೆ ಬೋಳಿಸಿಕೊಂಡು ಎಡೆಯ ಮುಂದೆ ನಿಂತು, ಹೆಸರೇ ಗೊತ್ತಿಲ್ಲದೆ ಹೇಗೆ ಕರೆಯುವುದು ಎಂದು ಕೇಳಿದೆ. “ಬಾಪ್ಪ, ಉಣ್ಣು ಬಾ ಅನ್ನು. ಹಸ್ದೋನ್ಗ ಅಷ್ಟ್ ಸಾಕು” ಎಂದಳು. ಹಾಗೆಯೇ ಕರೆದೆ. ಬೆಟ್ಟದ ಮೇಲೆ ಬಾರದ ಅಳು ಅಂದು ಬಂತು.

ಊರಿಗೆಲ್ಲ ಹೇಳಿಕೆ ಹೋಗಿತ್ತು. ಎಲೆ ಹಾಕಿ ಕಾದೆವು. ಯಾರೂ ಬರಲಿಲ್ಲ. ಸಾಯಂಕಾಲ ನಾನೇ ಚಿಕ್ಕಬಸವಯ್ಯನವರ ಮನೆಗೆ ಹೋದೆ. ಅವರು ನನ್ನನ್ನು ಬಯ್ಯಲಿಲ್ಲ. “ಶಿವರಾಮುನ್ನ ಹೊಡ್ದೋನ ತಿಥಿ ಉಂಡು, ಶಿವರಾಮು ಮನ ಮುಂದ ಹ್ಯಾಗ್ಲಾ ಓಡಾಡನ? ನೀನೇ ಹೇಳು” ಎಂದರು. ಎದ್ದು ಮನೆಗೆ ಬಂದೆ. ಇವತ್ತೂ ಅವರ ಮಾತು ತಪ್ಪೆಂದು ಈ ವೇದಿಕೆಯಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ.

ಶಿವರಾಮುವಿನ ತಾಯಿ ಯಶೋದಮ್ಮನವರು ಮಾತ್ರ ಕತ್ತಲಾಗುವ ಹೊತ್ತಿಗೆ ನಮ್ಮ ಬಾಗಿಲ ತನಕ ಬಂದರು. ಎಡೆಯನ್ನು ಬಹಳ ಹೊತ್ತು ನೋಡಿದರು. ಅಮ್ಮ ಮಣೆ ಹಾಕಿದಳು. “ಹಸ್ವಿಲ್ಲ ಕಣ್ ಮಾದಕ್ಕ” ಎಂದು ಹೇಳಿ, ಸೆರಗು ಹೊದ್ದುಕೊಂಡು ಹೊರಟುಹೋದರು. ಈಗ ಅವರೂ ಇಲ್ಲ.

ಯಾರೂ ಉಣ್ಣದ ತಿಥಿ ತಿಥಿಯಲ್ಲ ಎಂದು ಅಮ್ಮ ಹಟ ಹಿಡಿದಳು. ಸೂತಕ ಕಳೆಯದ ಮನೆಯಲ್ಲಿ ಚಪ್ಪರ ಹಾಕುವಂತಿಲ್ಲ ಎಂದಳು. ಆಗ ನಮ್ಮ ತಾಲ್ಲೂಕಿನದೇ ಮದ್ದೂರಿನ ಕಡೆಯಿಂದ ನನಗೊಂದು ಹೆಣ್ಣು ಗೊತ್ತಾಗಿತ್ತು. ಅವರ ಹೆಸರು ಈ ಸಭೆಯಲ್ಲಿ ಬೇಡ. ಅವರ ತಂದೆ ಬಂದು, ನಿಮ್ಮೂರಿನವರು ಉಂಡ ದಿನ ನಾವೂ ಬಂದು ಉಣ್ಣುತ್ತೇವೆ, ಆಮೇಲೆ ಲಗ್ನದ ಮಾತು ಎಂದರು. ಎರಡು ವರ್ಷ ಕಾದರು. ಒಳ್ಳೆಯ ಜನ. ಆಮೇಲೆ ಬೇರೆ ಕಡೆ ಕೊಟ್ಟರು. ಈಗ ಆಕೆ ಮೊಮ್ಮಗುವನ್ನು ಎತ್ತಿಕೊಂಡು ಬ್ಯಾಂಕಿಗೆ ಬರುತ್ತಾಳೆ. ನಾನು ಬಾಗಿಲು ತೆಗೆಯುತ್ತೇನೆ. ಚೀಟಿ ಬರೆಯಲು ಪೆನ್ನು ಕೇಳುತ್ತಾಳೆ, ಕೊಡುತ್ತೇನೆ. ಸೋಮಮ್ಮ ಯಾವತ್ತೂ ಪೆನ್ನನ್ನು ಮರೆಯದೆ ವಾಪಸು ಕೊಡುತ್ತಾಳೆ. ಹೆಸರು ಬಾಯಿಗೆ ಬಂದೇಬಿಟ್ಟಿತು. ದಯವಿಟ್ಟು ಇಲ್ಲಿಗೇ ಬಿಟ್ಟುಬಿಡಿ.

ನೀವು ನಗಬೇಕಾದ ವಿಷಯವೂ ಒಂದಿದೆ. ಪಿತೃಪಕ್ಷದಲ್ಲಿ ಪ್ರತಿ ವರ್ಷ ಅಪ್ಪನ ಎಡೆಯ ಪಕ್ಕದಲ್ಲಿ ಅಮ್ಮ ಅವನಿಗೂ ಎಡೆ ಇಡುತ್ತಿದ್ದಳು, ಚಪಾತಿಯದೇ. ಒಂದು ವರ್ಷ ನಾನು ರಜೆಯಲ್ಲಿದ್ದೆ. ಈರುಳ್ಳಿ ತುಂಬಲು ಬಂದಿದ್ದ ಕೇರಳದ ಲಾರಿ ಡ್ರೈವರನೊಬ್ಬನನ್ನು ಕೈ ಹಿಡಿದು ಕರೆತಂದು ಕೂರಿಸಿದೆ. ಅವನು ಚಪಾತಿ ಸಾರು ಹೊಡೆದು, ತೇಗಿ, ಅಮ್ಮನಿಗೆ ಕೈ ಮುಗಿದು ಹೋದ. ನಾನು ಗೆದ್ದೆ ಎಂದು ಅಮ್ಮನ ಕಡೆ ನೋಡಿದೆ. “ಯಾರ್ ತಿಥಿ ಅಂತ ಅವ್ನ್ಗ ಹೇಳಿದ್ಯ?” ಎಂದಳು. ಇಲ್ಲ ಎಂದೆ. “ಹಂಗಾದ್ರ ಅಂವ ಹೊಟ್ಟಗ ಉಂಡ, ಅಷ್ಟೇಯ” ಎಂದು ಎಲೆ ಎತ್ತಿದಳು.

ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಆಕೆಯ ತಿಥಿಗೆ ಇಡೀ ಊರು ಬಂತು. ಪಂಕ್ತಿ ಮೇಲೆ ಪಂಕ್ತಿ. ಚಿಕ್ಕಬಸವಯ್ಯನವರು ಆ ವಯಸ್ಸಿನಲ್ಲೂ ನಿಂತು ಬಡಿಸಿದರು. ನಮ್ಮೂರಿನವರು ಕೆಟ್ಟವರಲ್ಲ, ತಪ್ಪು ತಿಳಿಯಬೇಡಿ. ಎಲ್ಲರೂ ಕೈ ತೊಳೆದ ಮೇಲೆ ನಾನು, ಆ ಇನ್ನೊಂದು ಊಟವನ್ನೂ ಮುಗಿಸಿಬಿಡೋಣವೇ ಎಂದು ಕೇಳಿದೆ. “ಅದ ಬುಡ್ಲಾ ರಂಗ, ನಿಮ್ಮವ್ವನ್ ಜೊತ್ಗೇ ಅದೂ ಹೋಯ್ತು ಅನ್ಕೊ” ಎಂದರು. ಹೇಗೆ ಅಂದುಕೊಳ್ಳಲಿ? ಅಮ್ಮನೊಂದಿಗೆ ಹೋದದ್ದು, ನನ್ನ ಜೊತೆ ಅವನ ವಿಷಯ ಮಾತನಾಡುವ ಒಂದು ಬಾಯಿ. ಈಗ ಆ ಮನೆಯಲ್ಲಿ ಅವನು, ನಾನು. ಅವನು ಹೇಳಿದ್ದು ನನಗೆ ತಿಳಿಯಲಿಲ್ಲ, ನಾನು ಹೇಳುವುದು ಯಾರಿಗೂ ಬೇಡ. ಅದೆಂಥ ಒಂಟಿತನ ಎಂದು ಹೇಳಲು ನನಗೆ ಬರುವುದಿಲ್ಲ. ಶಾಲು ಹೊದಿಸುವಾಗ ಎಲ್ಲರೂ ನನ್ನನ್ನು ಮುಟ್ಟುತ್ತಾರೆ. ಆದರೂ ಮುಟ್ಟಿದಂತೆ ಅನ್ನಿಸುವುದಿಲ್ಲ.

ತೀರ್ಪು ಕೇಳಿದಿರಿ. ಯುದ್ಧ ನ್ಯಾಯವಾಗಬಲ್ಲದೇ? ಆಗಬಲ್ಲದು. ನಾನು ಮಾಡಿದ ಯುದ್ಧ ನ್ಯಾಯವೇ ಆಗಿತ್ತು. ಆದರೆ, ಮಾನಸ, ನಿನಗೂ ಹೇಳುತ್ತೇನೆ ಕೇಳಮ್ಮ. ನ್ಯಾಯವಾದ ಮಾತ್ರಕ್ಕೆ ಮುಗಿಯುವುದಿಲ್ಲ. ನ್ಯಾಯವೆಂದು ನಂಬಿ ನಮ್ಮನ್ನು ಕಳಿಸಿದವರು, ತಮಟೆ ಬಡಿದವರು, ಹಾರ ತಂದವರು, ಆಮೇಲೆ ಬಂದು ಆ ಊಟಕ್ಕೂ ಕೂರಬೇಕು. ಹಾರಕ್ಕೆ ಊರೆಲ್ಲ, ಊಟಕ್ಕೆ ನಾನೊಬ್ಬನೇ ಎಂದರೆ ಹೇಗೆ? ಬಹುಮಾನವನ್ನು ಇಬ್ಬರಿಗೂ ಸಮನಾಗಿ ಕೊಡಿ. ಇದು ನನ್ನ ತೀರ್ಪು.

ಇನ್ನು ಒಂದೇ ಮಾತು. ಬರುವ ಪಿತೃಪಕ್ಷದ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಅಡುಗೆ ಮಾಡುತ್ತೇನೆ. ಚಪಾತಿ ಈಗ ನನ್ನ ಕೈಯಲ್ಲಿ ದುಂಡಗೆ ಬರುತ್ತದೆ, ಹೆದರಬೇಡಿ. ಯಾರ ತಿಥಿ ಎಂದು ಈಗ ನಿಮಗೆಲ್ಲ ಗೊತ್ತಾಗಿದೆ, ಆದ್ದರಿಂದ ನೀವು ಉಂಡರೆ ಲೆಕ್ಕಕ್ಕೆ ಬರುತ್ತದೆ. ಬಂದವರು ನನಗೆ ಸಮಾಧಾನ ಹೇಳಬೇಕಾಗಿಲ್ಲ, ಶತ್ರುವನ್ನು ಹೊಗಳಬೇಕಾಗಿಲ್ಲ. ಕೂತು, ಉಂಡು, ಕೈ ತೊಳೆದು ಹೋಗಿ. ಒಬ್ಬರು ಬಂದರೂ ಸಾಕು. ಚಪ್ಪಾಳೆ ಬೇಡ, ದಯವಿಟ್ಟು. ಬರುವವರು ಸುಮ್ಮನೆ ಕೈ ಎತ್ತಿ. ನಾನು ಹಿಟ್ಟು ಎಷ್ಟು ಕಲಸಬೇಕು ಎಂದು ತಿಳಿಯಬೇಕಲ್ಲ.

ಸಂಕೋಚ ಬೇಡ.

ಅಲ್ಲಿ, ಹಿಂದಿನ ಸಾಲಿನಲ್ಲಿ ಒಂದು ಕೈ ಕಾಣುತ್ತಿದೆ. ಬನ್ನಿ ಸ್ವಾಮಿ, ಖಂಡಿತ ಬನ್ನಿ, ನಾನೇ ಬಸ್ ಸ್ಟ್ಯಾಂಡಿಗೆ ಬಂದು... ಓ, ಮೇಷ್ಟ್ರೇ, ನೀವಾ. ಸಮಯವಾಯಿತು ಎಂದು ಗಡಿಯಾರ ತೋರಿಸುತ್ತಿದ್ದೀರಿ. ಸರಿ, ಸರಿ. ಮುಗಿಸುತ್ತೇನೆ.

ಪರವಾಗಿಲ್ಲ. ಇದು ಸಭೆಯಲ್ಲಿ ಕೇಳುವ ಮಾತಲ್ಲ. ಇನ್ನೂ ಎರಡು ತಿಂಗಳಿದೆ, ಮನೆಗೆ ಹೋಗಿ ಯೋಚನೆ ಮಾಡಿ. ನನ್ನನ್ನು ಕರೆಸಿ, ಪೇಟ ತೊಡಿಸಿ, ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರಿಗೂ ನನ್ನ ವಂದನೆಗಳು. ಅಮಾವಾಸ್ಯೆ ಮಧ್ಯಾಹ್ನ, ಭೀಮನಬೀಡು. ಬಸ್ಸಿಳಿದು ಹವಾಲ್ದಾರ್ ರಂಗಸ್ವಾಮಿಯ ಮನೆ ಎಂದರೆ ಯಾರಿಗೂ ತಿಳಿಯಲಿಕ್ಕಿಲ್ಲ. ಸೂತಕದ ಮನೆ ಎಂದು ಕೇಳಿ, ತೋರಿಸುತ್ತಾರೆ. ನಮಸ್ಕಾರ.