ಮರಳಲ್ಲಿ ಕೂತ ಹೊಸ ಪಿಕಪ್

ಹಲೋ... ಹಲೋ, ಯಾರು ಮಾತಾಡ್ತಿರೋದು? ಫವಾಜಾ? ದನಿ ಯಾಕೋ ಹಂಗಿದೆ? ಬಾಯಲ್ಲೇನು, ಖರ್ಜೂರಾನಾ? ನುಂಗು ಮೊದ್ಲು. ನಾನು ಕಣೋ, ಮುಜ್ನಾ ಅಕ್ಕ. ಕಾರಲ್ಲಿದ್ದೀಯಾ? ಪಕ್ಕದಲ್ಲಿ ಯಾರು? ಮಿಶಾರಿ ಅಣ್ಣ ಇಲ್ಲ ತಾನೆ?

...

ಒಬ್ಬನೇನಾ? ಸದ್ಯ. ಏನಿಲ್ಲ, ಗಾಬರಿ ಬೀಳಬೇಡ. ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೀನಿ. ಗಾಡಿ ಮಾತ್ರ ಸ್ವಲ್ಪ... ಕೂತ್ಕೊಂಡಿದೆ.

...

ಎಲ್ಲಿ ಅಂದ್ರೆ? ಮರಳಲ್ಲಿ. ಇನ್ನೆಲ್ಲಿ ಕೂತ್ಕೊಳ್ಳುತ್ತೆ, ಸೋಫಾ ಮೇಲಾ?

...

ನಕ್ಕಿದ್ದು ಸಾಕು. ಹಾಂ, ನಫೂದ್ ಮರಳುಗಾಡಲ್ಲೇ. ಒಳಗೆ ಅಂದ್ರೆ... ಅಂಥಾ ಒಳಗೇನಿಲ್ಲ. ಇಲ್ಲಿಂದ ಜುಬ್ಬಾ ಊರಿಗೆ ಹೋಗೋ ರಸ್ತೆ ಕಾಣಿಸುತ್ತೆ. ಲಾರಿಯವನೊಬ್ಬ ಕೈ ಬೀಸ್ಕೊಂಡು ಹೋದ. ನಾನೂ ಬೀಸಿದೆ, ಬೇಕೂಂತ್ಲೇ ನಿಂತಿರೋಳ ಥರ.

...

ಗಾಳಿ ಬಿಟ್ಟೆ ಕಣೋ! ಹೂತ್ಕೋಬಾರದು ಅಂತ ನಾಲ್ಕೂ ಚಕ್ರದ ಗಾಳಿ ಅರ್ಧ ಇಳಿಸಿಯೇ ಮರಳಿಗೆ ಇಳಿದೆ. ವಿಡಿಯೋದಲ್ಲಿ ಹೇಳಿದ ಹಾಗೇ ಮಾಡಿದೆ. ಆ ವಿಡಿಯೋದವನ ಗಾಡೀಲಿ ಅವನೊಬ್ಬ ಇದ್ದ, ಒಂದು ನೀರಿನ ಬಾಟ್ಲಿ ಇತ್ತು. ನನ್ನ ಗಾಡೀಲಿ ಏನೇನಿದೆ ಅಂತ ಗೊತ್ತಲ್ಲ ನಿನಗೆ?

...

ಗೊತ್ತಿಲ್ವಾ? ಕೇಳು ಹಂಗಾದ್ರೆ, ನಕ್ಕು ಸಾಯಿ. ಮುಂದೆ ಒಂಟೆ ಗುದ್ದಿದ್ರೂ ಜಗ್ಗದ ಕಬ್ಬಿಣದ ಬಂಪರ್. ತಲೆ ಮೇಲೆ ಸಾಲಾಗಿ ದೀಪ, ಈಗ ಮಟಮಟ ಮಧ್ಯಾಹ್ನ. ಪಕ್ಕದಲ್ಲಿ ಉದ್ದಕ್ಕೆ ಒಂದು ಕೊಳವೆ, ನದಿ ದಾಟೋವಾಗ ಇಂಜಿನ್ನು ಉಸಿರಾಡೋಕಂತೆ... ಹೂಂ ಕಣಪ್ಪಾ, ನಮ್ಮ ದೇಶದಲ್ಲಿ ನದಿ ಇಲ್ಲ ಅಂತ ಇಡೀ ಹಾಯಿಲ್ ಊರಿನ ಹುಡುಗಿಯರಿಗೆ ಭೂಗೋಳ ಪಾಠ ಮಾಡಿ, ಹೆಡ್ ಮೇಡಂ ಆಗಿ ರಿಟೈರ್ ಆದವಳೇ ನಾನು! ಅಂಗಡಿಯವನು 'ಮೇಡಂ, ಗಾಡಿಗೆ ಲಕ್ಷಣವಾಗಿರುತ್ತೆ' ಅಂದ. ಮದುಮಗಳು ಬಳೆ ತೊಟ್ಟ ಹಾಗೆ ಹಾಕಿಸ್ಕೊಂಡು ಬಂದೆ.

...

ಎಳೆಯೋ ವಿಂಚಾ? ಅದೂ ಇದೆ. ಉಕ್ಕಿನ ಹಗ್ಗ, ಕೊಕ್ಕೆ, ಎಲ್ಲಾ ಇದೆ. ಕೊಕ್ಕೆ ಸಿಗಿಸೋಕೆ ಒಂದು ಮರ ಇಲ್ಲ, ನೀನು ಕೊರಿಯರ್ ಮಾಡು.

...

ಹಿಂದುಗಡೆನಾ? ಹಿಂದೆ... ಕಂಬಳಿ, ದಿಂಬು, ಸೌದೆ, ನೀರಿನ ಟ್ಯಾಂಕು, ಅಕ್ಕಿ ಮೂಟೆ, ಕಾಫಿ ಕೂಜಾಗಳು. ಆ ದೊಡ್ಡ ಹರಿವಾಣ ಕಣೋ, ಮದುವೇಲಿ ಇಡೀ ಕುರಿ ಇಟ್ಟು ತರ್ತಾರಲ್ಲ, ಅದು. ಆಮೇಲೆ ಫ್ರಿಜ್ಜು. ಫ್ರಿಜ್ಜಲ್ಲಿ ಕುರಿ.

...

ಇಬ್ಬರಿಗೆ ಇಡೀ ಕುರಿ ಯಾಕೆ ಅಂದ್ರೆ? ಯಾರಾದ್ರೂ ಬಂದ್ರೆ? ಮರುಭೂಮೀಲಿ ಒಬ್ಬ ಮನುಷ್ಯ ಎದುರಾದ್ರೆ ಬಿಸ್ಕತ್ತು ಕೊಟ್ಟು ಕಳ್ಸಲಾ? ಬೇರೆ ದೇಶದವರು ಸಿಕ್ಕಿಹಾಕ್ಕೊಂಡ್ರೆ ಏನು ಗತಿ ಅಂತ ಗಾಡಿ ತುಂಬಿಸ್ತಾರಂತೆ. ನಾನು ನೆಂಟರು ಬಂದ್ರೆ ಏನು ಗತಿ ಅಂತ ತುಂಬಿಸಿದೆ. ಅದಕ್ಕೇ ಸಿಕ್ಕಿಹಾಕ್ಕೊಂಡೆ.

...

ಅಣ್ಣನಿಗೆ ಯಾಕೆ ಹೇಳಬಾರದಾ? ನೀನೂ ಇದ್ದೆಯಲ್ಲೋ ಅವತ್ತು! ಎಲ್ಲರೆದುರಿಗೆ ಏನಂದ? 'ಒಂದೇ ಒಂದು ಸಲ ಹೂತ್ಕೊಂಡ್ರೂ ಕೀ ನನ್ನ ಕೈಗೆ ಬರಬೇಕು, ಅಮ್ಮ ಮತ್ತೆ ನಿನ್ನ ಗಾಡಿ ಹತ್ತಬಾರದು.' ನಾನು ಮಹಾ ಧೈರ್ಯವಂತೆ ಥರ ಹೂಂ ಅಂದುಬಿಟ್ಟೆ. ಕೀ ಹೋದ್ರೆ ಹೋಗ್ಲಿ ಫವಾಜ್, ಕೀಗೆ ನಾನು ಅಳೋದಿಲ್ಲ. ಅಮ್ಮ ಆ ತಗ್ಗು ನೋಡ್ಬೇಕು ಅಂತ ಎಷ್ಟು ವರ್ಷದಿಂದ ಕೇಳ್ತಿದ್ದಾಳೆ? ನಾವು ಚಿಕ್ಕವರಿದ್ದಾಗ ನಮ್ಮ ಡೇರೆ ಇದ್ದ ಜಾಗ. ಈ ಸಲ ಮಳೆ ಬಿದ್ದು ಅಲ್ಲಿ ಹುಲ್ಲು ಬಂದಿದೆ ಅಂತ ಕೇಳಿದಾಗಿಂದ ಅವಳಿಗೆ ನಿದ್ದೆ ಇಲ್ಲ. ಅಣ್ಣ 'ನಾಳೆ, ನಾಡಿದ್ದು' ಅಂತ ಸಾಗಹಾಕಿದ. ಅದಕ್ಕೇ ತಾನೆ ನಾನು ಗಾಡಿ ತಗೊಂಡಿದ್ದು? ಇವತ್ತು ಅರ್ಧ ದಾರಿಯಿಂದ ವಾಪಸ್ಸು ಕರ್ಕೊಂಡು ಹೋದ್ರೆ ಅವಳು ಇನ್ನು ಬಾಯಿಬಿಟ್ಟು ಕೇಳೋದಿಲ್ಲ. ನನಗೆ ಭಯ ಆಗ್ತಿದೆ ಕಣೋ. ಅವಳಿಗೆ ವಯಸ್ಸಾಯ್ತು.

...

ಅದಕ್ಕೇ ಹೇಳಿದ್ದು, ನೀನೊಬ್ಬನೇ ಬಾ. ಕೊಕ್ಕೆ ನಿನ್ನ ಕಾರಿಗೇ ಸಿಗಿಸೋಣ, ಬಾಯಿಗೆ ಬೀಗ ಹಾಕ್ಕೊಂಡು ಬಾ.

...

ಏನು? ಆಗ್ಲೇ ಇಲ್ಲಿಗೇ ಬರ್ತಿದ್ದೀಯಾ? ನಾನು ಈಗ ತಾನೆ ಫೋನ್ ಮಾಡಿದ್ದು!

...

ಅಮ್ಮನಾ? ಅಮ್ಮ ಯಾವಾಗ ಫೋನ್ ಮಾಡಿದ್ಲು... ಎಲ್ಲರಿಗೂನಾ? ಓಹೋ, ನಾನು ಗಾಡಿ ಕೆಳಗೆ ಮಲಗಿ ಮರಳು ತೋಡ್ತಿದ್ದಾಗ. ಏನಂದ್ಲು? 'ಮುಜ್ನಾ ಕುರಿ ಬೇಯಿಸ್ತಾಳಂತೆ, ಎಲ್ಲರೂ ಊಟಕ್ಕೆ ಬನ್ನಿ' ಅಂತಾನಾ? ಹೂತಿದೆ ಅಂತ ಹೇಳ್ಲೇ ಇಲ್ವಾ?

...

ಅಯ್ಯೋ ನನ್ನಮ್ಮನೇ! ನೋಡು, ಕಂಬಳಿ ಹಾಸ್ಕೊಂಡು, ಹೂತಿರೋ ಚಕ್ರಕ್ಕೆ ದಿಂಬು ಒರಗಿಸಿ ರಾಣಿ ಥರ ಕೂತಿದ್ದಾಳೆ. ಬೆನ್ನು ನೋವಿರಬೇಕು ಅಂದ್ಕೊಂಡಿದ್ದೆ ನಾನು. ಚಕ್ರ ಮುಚ್ಚಿದ್ದಾಳೆ!

...

ಅಂದ್ರೆ ಅಣ್ಣನೂ... ನಿನಗಿಂತ ಮುಂದಿದ್ದಾನಾ? ಬಂದ. ಬಂದ ಕಣೋ. ಬಿಳಿ ಕಾರು. ರಸ್ತೆ ಪಕ್ಕ ನಿಲ್ಸಿ ನಡ್ಕೊಂಡು ಬರ್ತಿದ್ದಾನೆ, ಜಾಣ. ಫೋನ್ ಇಡಬೇಡ, ದೇವರಾಣೆ. ಹಂಗೇ ಇರು.

...

ಬಾ ಅಣ್ಣ, ಬಾ. ಸಲಾಮ್. ಕೂತ್ಕೋ. ಗಾಡೀನಾ? ಇಲ್ಲಿ ನೆರಳು ಚೆನ್ನಾಗಿತ್ತು, ನಿಲ್ಸಿದೆ... ಯಾವ ನೆರಳು ಅಂದ್ರೆ, ಗಾಡಿದೇ ನೆರಳು. ಕೂತ್ಕೋ, ಕಾಫಿ ಕೊಡ್ತೀನಿ.

...

ಫವಾಜ್, ಇದ್ದೀಯಾ? ಪಿಸುಗುಟ್ತಾ ಇದೀನಿ, ಗಾಡಿ ಹಿಂದೆ ಬಂದಿದ್ದೀನಿ, ತಟ್ಟೆ ಹುಡುಕೋ ನೆಪ ಮಾಡಿ. ಕಾಫಿ ಬಗ್ಗಿಸಿ ಕೊಟ್ಟೆ. ಅವನು ಕುಡೀಲಿಲ್ಲ ಕಣೋ. ಬಟ್ಟಲು ಕೆಳಗಿಟ್ಟ.

...

ಹೂಂ, ಬೇಕೂಂತ್ಲೇ. ನನ್ನ ಮುಖ ನೋಡ್ಕೊಂಡೇ ಇಟ್ಟ. ಏನೋ ಕೇಳೋಕೆ ಬಂದಿದ್ದಾನೆ. ನಮ್ಮ ಹಳೇ ಪದ್ಧತಿ ಗೊತ್ತಲ್ಲ, ನಾನು 'ಕೊಟ್ಟೆ' ಅನ್ನೋವರೆಗೂ ಕಾಫಿ ಮುಟ್ಟಲ್ಲ. ಏನು ಬೇಕು ಅಂತ ಮೊದಲೇ ಕೇಳೋ ಹಾಗೂ ಇಲ್ಲ.

...

ಇನ್ನೇನು ಕೇಳ್ತಾನೆ, ಕೀ! ದಿಂಬು ಎತ್ತಿ ಚಕ್ರ ನೋಡಿದ. ನೋಡಿ, ದಿಂಬು ಮತ್ತೆ ಹಂಗೇ ಇಟ್ಟ.

...

ಇಲ್ಲ ಅನ್ನೋಕಾಗುತ್ತೇನೋ? ನನ್ನ ಕಂಬಳಿ ಮೇಲೆ ಕೂತಿದ್ದಾನೆ, ಮುಂದಿರೋದು ನನ್ನ ಕಾಫಿ. ನೆಂಟನಾಗಿ ಬಂದವನು ಜಗಳ ಆಡಲ್ಲ ಅಂತ ಅಮ್ಮ ಲೆಕ್ಕ ಹಾಕಿದ್ಲು. ಅವನೂ ಅವಳ ಹೊಟ್ಟೇಲೇ ಹುಟ್ಟಿದ್ದಲ್ವಾ? ಹೋಗ್ತೀನಿ. ಕೀ ಕೈಲೇ ಇದೆ.

...

ಕುಡಿ ಅಣ್ಣ, ಆರಿ ಹೋಗ್ತಿದೆ. ಕೊಟ್ಟೆ. ನೀನು ಏನು ಕೇಳಿದ್ರೂ ಕೊಟ್ಟೆ.

...

ಏನಂದೆ? ಇನ್ನೊಂದ್ಸಲ ಹೇಳು ಅಣ್ಣ.

...

ಫವಾಜ್. ಕೀ ಕೇಳ್ಲಿಲ್ಲ ಕಣೋ. 'ನನ್ನನ್ನೂ ಕರ್ಕೊಂಡು ಹೋಗು' ಅಂದ.

...

ತಗ್ಗಿಗೆ! ಅವನಿಗೆ ದಾರಿ ಮರೆತು ಹೋಗಿದೆಯಂತೆ. ಇಡೀ ಬಾಲ್ಯ ಇಲ್ಲಿ ಒಂಟೆ ಕಾಯ್ದವನು, ದಾರಿ ಮರೆತೆ ಅಂತ ಅಮ್ಮನ ಮುಂದೆ ಹೆಂಗೆ ಹೇಳಲಿ ಅಂತ 'ನಾಳೆ, ನಾಡಿದ್ದು' ಅಂತಿದ್ದನಂತೆ. ನನಗೇನು ದಾರಿ ಗೊತ್ತಿತ್ತಾ? ಅಮ್ಮ ಬೆರಳು ತೋರಿಸಿದ ಕಡೆ ತಿರುಗಿಸ್ತಿದ್ದೆ ಅಷ್ಟೇ. ಇವನು ಅವಳನ್ನ ಕೇಳಿದ್ರೆ ಸಾಕಿತ್ತು.

...

ಹೂಂ, ಅಳ್ತಾ ಇದೀನಿ. ಹೆಡ್ ಮೇಡಂ ಅಳಬಾರದು ಅಂತ ಎಲ್ಲಿ ಬರೆದಿದೆ? ಪಾಪ ಅನ್ನಿಸ್ತು ಕಣೋ ಅವನನ್ನ ನೋಡಿ. ಇಷ್ಟು ದಿನ ಬೈಕೊಂಡೆ.

...

ಅಮ್ಮನಾ? ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಹಾಕಿದ್ಲು. ಈಗ ಎದ್ದಳು. ಅವನ ಹೆಗಲು ಹಿಡ್ಕೊಂಡು ಎದ್ದಳು... ಏನಮ್ಮಾ? ಏನಂದೆ? ನಡ್ಕೊಂಡಾ?

...

ಫವಾಜ್, ಕೇಳಿಸ್ಕೋ. 'ಗಾಡಿ ಬಿಡ್ರೋ, ಈ ದಿಬ್ಬದ ಆಚೇನೇ ಇರೋದು, ನಡ್ಕೊಂಡು ಹೋಗೋಣ' ಅಂತಿದ್ದಾಳೆ. ನಡ್ಕೊಂಡು ಹೋಗೋಷ್ಟು ಹತ್ತಿರ! ಬೆಳಗಿಂದ ಯಾಕಮ್ಮಾ ಹೇಳ್ಲಿಲ್ಲ ಅಂದ್ರೆ, 'ಒಬ್ಬಳ ಜೊತೆ ನೋಡೋದೇನು, ನನ್ನ ಮಕ್ಕಳೆಲ್ಲಾ ಬರ್ಲಿ ಅಂತ ಕಾದು ಕೂತಿದ್ದೆ' ಅಂತಾಳೆ!

...

ಗಾಡಿನಾ? ಇರ್ಲಿ ಬಿಡೋ, ಎಲ್ಲಿಗೆ ಹೋಗುತ್ತೆ ಅದು. ಬೇಗ ಬಾ ನೀನು, ಹೆಜ್ಜೆ ಗುರುತು ಹಿಡ್ಕೊಂಡು ಬಾ. ನಾನೂ ಅವರ ಹಿಂದೇನೇ ಹತ್ತುತಿದ್ದೀನಿ... ತಾಳು, ಉಸಿರು... ಮೇಲೆ ಬಂದೆ. ಹಲೋ? ನಿನ್ನ ದನಿ ಕತ್ತರಿಸ್ತಿದೆ, ಇಲ್ಲಿ ಸಿಗ್ನಲ್ಲು... ಹಲೋ? ಫವಾಜ್, ಹಸಿರು ಕಣೋ, ತಗ್ಗು ತುಂಬಾ ಹಸಿರು! ಅಣ್ಣ ಚಪ್ಪಲಿ ಬಿಟ್ಟು ಕೂತ್ಬಿಟ್ಟ. ಅಮ್ಮ... ಅಮ್ಮ ಅವನ ಕೈ ಬಿಡಿಸ್ಕೊಂಡು, ಅಯ್ಯೋ, ಒಬ್ಬಳೇ ಇಳಿಜಾರಲ್ಲಿ ಓಡ್ತಾ...