ಮನೆಯವರನ್ನು ಕರೆತನ್ನಿ ಎಂದ ಡಾಕ್ಟರು

ಅಧ್ಯಕ್ಷತೆ ವಹಿಸಿರುವ ಪಂಚಾಕ್ಷರಯ್ಯನವರೇ, ಶಾಲು ಹೊದ್ದು ಸಂಕೋಚದಿಂದ ಮುದುಡಿ ಕೂತಿರುವ ನಮ್ಮ ಡಾಕ್ಟರ್ ಬದರೀನಾರಾಯಣರೇ, ಚಾಮರಾಜಪೇಟೆಯ ಹಿರಿಯರೇ, ತಾಯಂದಿರೇ, ಸಾರಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ನಾನು ದೊಡ್ಡಬೈರಪ್ಪ, ಗೂಡ್ಸ್ ಗಾಡಿ ಮಾಲೀಕರ ಸಂಘದವನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನನಗಿಂತ ಮುಂಚೆ ಮಾತಾಡಿದ ಮೂವರೂ, ಇವರು ಮೂವತ್ತು ವರ್ಷ ಚರ್ಮರೋಗಕ್ಕೆ ಚಿಕಿತ್ಸೆ ಕೊಟ್ಟರು ಎಂದರು. ಚರ್ಮರೋಗ ಅಂದರೆ ಏನು ಸ್ವಾಮಿ, ಬರೀ ತಲೆಹೊಟ್ಟೇ? ಗಂಡಸರು ಹೆಂಡತಿಗೆ ಹೇಳದೆ ಮುಚ್ಚಿಕೊಂಡು ಬರುತ್ತಿದ್ದ ಕಾಯಿಲೆಗಳಿಗೂ ಇವರೇ ಮದ್ದು ಕೊಟ್ಟರು. ಅದನ್ನು ಹೇಳುವುದಕ್ಕೆ ಯಾಕೆ ನಾಚಿಕೆ? ನಾನೇ ಅಂಥ ರೋಗಿ. ನಗುವವರು ನಕ್ಕುಬಿಡಿ, ಕಾಯುತ್ತೇನೆ.

ಎಂಟು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ನಾನೇ ಗಾಡಿ ಓಡಿಸುತ್ತಿದ್ದೆ. ಚಿಕ್ಕಪೇಟೆಯಲ್ಲಿ ಬಟ್ಟೆ ತುಂಬಿಕೊಂಡು ಹೊರಟರೆ ವಾರಗಟ್ಟಲೆ ಮನೆ ಕಾಣುತ್ತಿರಲಿಲ್ಲ. ದಾರಿಯಲ್ಲಿ ತಪ್ಪು ಮಾಡಿದೆ, ಒಂದೆರಡು ಸಲ ಅಲ್ಲ, ವರ್ಷಗಟ್ಟಲೆ. ಆಮೇಲೆ ಮೂತ್ರಕ್ಕೆ ಕೂತರೆ ಉರಿ, ಜೊತೆಗೆ ಇರಬಾರದ ಜಾಗದಲ್ಲಿ ನಾಲ್ಕು ನರಹುಲಿ. ನರಹುಲಿಗೆ ನಮ್ಮ ಕಡೆ ಏನು ಮಾಡುತ್ತಾರೆ? ಕುದುರೆ ಬಾಲದ ಕೂದಲು ಬಿಗಿದು ಕಟ್ಟುತ್ತಾರೆ, ಒಣಗಿ ಬೀಳಲಿ ಅಂತ. ನಾನೂ ಶ್ರೀರಾಂಪುರದ ಒಂದು ಜಟಕಾ ಕುದುರೆಯ ಕೂದಲು ತಂದು ಕಟ್ಟಿದೆ. ಊದಿ, ಕೀವಾಗಿ, ಕಾಲಗಲಿಸಿ ನಡೆಯುವಂತಾಯಿತು. ಆ ಕುದುರೆ ಒದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಕೊನೆಗೆ ಇವರ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಮುಖ ಸಿಂಡರಿಸಲಿಲ್ಲ. ಉಪದೇಶ ಮಾಡಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತು, ಕೂದಲನ್ನು ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದರು.

"ಕುದುರೆ ಯಾವ ಬಣ್ಣದ್ದು?" ಎಂದು ಕೇಳಿದರು.

ನೋವಿನಲ್ಲೂ ನಕ್ಕುಬಿಟ್ಟೆ. ಅಂಥ ಹೊತ್ತಿನಲ್ಲಿ ಮನುಷ್ಯನ ಮಾನ ಉಳಿಸುವುದು ಎಷ್ಟು ಜನರಿಗೆ ಬರುತ್ತದೆ?

ಮದ್ದು ಬರೆದುಕೊಟ್ಟು, "ಬೈರಪ್ಪನವರೇ, ಮನೆಯವರನ್ನ ಕರ್ಕೊಂಡ್ ಬನ್ನಿ" ಎಂದರು.

"ಅವಳಿಗೇನಾಗಿದೆ? ಗುಂಡ್ಕಲ್ ಇದ್ದಂಗಿದಾಳೆ."

"ನಿಮಗಿರೋದು ವೈರಸ್ಸು. ಕಣ್ಣಿಗೆ ಕಾಣೋ ನರಹುಲಿ ಅದರಲ್ಲಿ ಒಂದು ಜಾತಿ. ಕಾಣದೇ ಇರೋ ಜಾತಿನೂ ಜೊತೇಲಿರಬಹುದು. ಗಂಡಸರಲ್ಲಿ ಸಾಮಾನ್ಯವಾಗಿ ಸುಮ್ನೆ ಕೂತಿರತ್ತೆ. ಹೆಂಗಸರಿಗೆ ಗರ್ಭಕೋಶದ ಬಾಯಲ್ಲಿ ವರ್ಷಗಟ್ಟಲೆ ಉಳ್ಕೊಂಡ್ರೆ ಕ್ಯಾನ್ಸರ್ ಆಗಬಹುದು."

"ನನ್ ಸಂಸಾರದ ವಿಷ್ಯ ನಿಮಗ್ಯಾಕ್ರೀ?" ಎಂದು ಚೀಟಿ ಎಸೆದು ಬಂದೆ. ನನ್ನ ಕೋಪ ನಿಮಗೆಲ್ಲ ಗೊತ್ತೇ ಇದೆ.

ಅವರು ಬಿಡಲಿಲ್ಲ. ಎಸೆದ ಚೀಟಿ ಜೇಬಿನಲ್ಲಿಟ್ಟುಕೊಂಡು ನಮ್ಮ ಗಾಡಿ ಸ್ಟ್ಯಾಂಡಿಗೇ ಬಂದರು. ಒಂದು ಸಲ ಅಲ್ಲ, ಮೂರು ಸಲ. ಡ್ರೈವರುಗಳ ಜೊತೆ ನಿಂತು ಟೀ ಕುಡಿಯುವರು, ಮಳೆ ಬಿಸಿಲು ಮಾತಾಡುವರು, ಹೊರಡುವಾಗ ನನ್ನ ಪಕ್ಕ ಬಂದು "ಯಾವಾಗ ಬರ್ತೀರ?" ಎಂದಷ್ಟೇ ಕೇಳುವರು. ಯಾವ ಡಾಕ್ಟರು ರೋಗಿಯ ಬಾಗಿಲಿಗೆ ಹೀಗೆ ಅಲೆಯುತ್ತಾರೆ? ಕೊನೆಗೆ ಸುಮ್ಮನೆ ಒಂದು ಚೆಕಪ್ಪು ಎಂದು ಹೇಳಿ ನನ್ನ ಹೆಂಡತಿ ಪಿಳ್ಳಮ್ಮನನ್ನು ಕರೆದುಕೊಂಡು ಹೋದೆ. ಲೇಡಿ ಡಾಕ್ಟರು ಪರೀಕ್ಷೆ ಮಾಡಿದರು. ಕ್ಯಾನ್ಸರಿಗೆ ಒಂದು ಮೆಟ್ಟಿಲು ಕೆಳಗಿತ್ತಂತೆ. ಅಷ್ಟು ಭಾಗ ತೆಗೆದರು. ಬದುಕಿದಳು.

ನಮ್ಮ ಡಾಕ್ಟರು ಅವತ್ತು ನನಗೊಬ್ಬನಿಗೇ ಹೇಳಿದರು, "ಎಲ್ಲಿಂದ ಬಂತು ಅಂತ ಅವರಿಗೆ ನೀವೇ ಹೇಳಿ. ಅದು ನನ್ ಬಾಯಲ್ಲಿ ಬರಬಾರದು."

ನಾನು ಹೇಳಲಿಲ್ಲ. ನಮ್ಮವ್ವ ನಾಗದೋಷ ಅಂದಳು, ಸುಮ್ಮನಿದ್ದೆ. "ಹುತ್ತಕ್ಕೆ ಹಾಲೆರೆಯೋದು ಒಂದ್ ವರ್ಷ ತಪ್ಪಿಸ್ದೆ, ಅದಕ್ಕೇ ನಂಗಿಂಗಾಯ್ತು" ಎಂದು ಪಿಳ್ಳಮ್ಮ ತನ್ನನ್ನೇ ಬೈದುಕೊಂಡಳು, ಆಗಲೂ ಸುಮ್ಮನಿದ್ದೆ. ಎಂಟು ವರ್ಷದಿಂದ ಪ್ರತಿ ಷಷ್ಠಿಗೆ ಆಕೆ ಉಪವಾಸ ಇರುತ್ತಾಳೆ. ಆಕೆಯೇ ಬಡಿಸುತ್ತಾಳೆ, ನಾನು ಉಣ್ಣುತ್ತೇನೆ. ಡಾಕ್ಟರೇ, ನೀವು ರೋಗಿಯ ಗುಟ್ಟು ಕಾಪಾಡಿದಿರಿ. ನಾನು ಅದರ ಹಿಂದೆ ಅವಿತುಕೊಂಡೆ.

ಪಿಳ್ಳಮ್ಮ ಅಲ್ಲಿ ಹೆಂಗಸರ ಕಡೆ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಇದನ್ನು ಮನೆಯಲ್ಲಿ ಹೇಳಬೇಕಿತ್ತು, ಇಷ್ಟು ಜನರ ಮುಂದೆ ಅಲ್ಲ. ಡಾಕ್ಟರನ್ನು ಹೊಗಳಲು ಹೊರಟೆ, ಮಾತು ಇಲ್ಲಿಗೆ ತಂದು ನಿಲ್ಲಿಸಿತು. ಪಿಳ್ಳಮ್ಮ, ನಿನ್ನದೇನೂ ತಪ್ಪಿಲ್ಲ. ಯಾವ ದೇವರೂ ಮುನಿದಿರಲಿಲ್ಲ. ಅದು ನನ್ನಿಂದ ಬಂತು.

ಆಕೆ ಎದ್ದಳು. ಕಮಲಮ್ಮನವರೇ, ಕೈ ಹಿಡಿದು ಕೂರಿಸಬೇಡಿ, ದಾರಿ ಬಿಡಿ.

ಡಾಕ್ಟರಿಗೆ ಹಾರ ಹಾಕುವ ಗೌರವ ನನಗೆ ಕೊಟ್ಟಿದ್ದಿರಿ. ಅದನ್ನು ಅಧ್ಯಕ್ಷರೇ ಹಾಕಲಿ. ಎಂಟು ವರ್ಷ ತಡವಾಗಿದೆ, ನಾನು ಆಕೆಯ ಹಿಂದೆ ಹೋಗಬೇಕು. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಉಪಕಾರ. ಡಾಕ್ಟರೇ, ನಿಮಗೆ ನಮಸ್ಕಾರ.